ಮಾನ್ಯ ಎಡಗಡೆಯ ವಾಲ್ವ್ ಅವರ ಸನ್ನಿಧಾನಕ್ಕೆ

ಬೇಲಿಯಂಚಿನ ಗುಂಡಿಯಲ್ಲಿ ಜೇಡ, ಕಪ್ಪೆಗಳ ಸತ್ಸಂಗದೊಡನೆ ವಿರಾಜಿಸುತ್ತಿರುವ ಮಾನ್ಯರೇ, ಬಲ್ಗೇರಿಯಾದ ಬಯಲುಸೀಮೆಯ ನಿವೃತ್ತ ರೈಲ್ವೆ ಪಾಯಿಂಟ್ಸ್‌ಮನ್ ಗೆನಾದಿ ಬೊಯಾಜಿಯೆವ್ ಮಾಡುವ ಮಣ್ಣುಮೆತ್ತಿದ ನಮಸ್ಕಾರಗಳು.

ತಾವೂ ತಮ್ಮ ಬಲಗಡೆಯ ಸಹೋದರರೂ ಒಂದೇ ಅಚ್ಚಿನಲ್ಲಿ ಎರಕಗೊಂಡು ಒಂದೇ ತುಕ್ಕು ಹಿಡಿದವರು. ಒಬ್ಬರು ನನ್ನ ತೋಟದ ಡ್ರಿಪ್ ಪೈಪುಗಳಿಗೆ ನೀರು ಕಳಿಸಿದರೆ ಇನ್ನೊಬ್ಬರು ನೆರೆಮನೆಯ ವೆಲಿಕಕ್ಕನ ಅಡುಗೆಮನೆಗೆ ಕಳಿಸುತ್ತಾರೆ. ಬದುಕಿಡೀ ರೈಲುಗಳನ್ನು ಸರಿಯಾದ ಹಳಿಗೆ ತಿರುಗಿಸಿದವನಿಗೆ ತನ್ನ ಪೈಪು ಯಾವುದೆಂದು ತಿಳಿಯದೇ ಎಂಬ ಧೈರ್ಯದಿಂದ ಶನಿವಾರ ಗುಂಡಿಗಿಳಿದೆ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಂದು ರೇಡಿಯೋ ಹೇಳಿತ್ತು. ಪೈಪಿನಲ್ಲಿ ನೀರು ಉಳಿದರೆ ಬೆಳಗಾಗುವಷ್ಟರಲ್ಲಿ ಸೀಳುತ್ತದೆ.

ಮೇಲೆ ನಿಂತಿದ್ದ ನನ್ನ ಹೆಂಡತಿ ಕಲಿನಾ, "ವೆಲಿಕಕ್ಕನ್ನ ಒಂದ್ ಮಾತು ಕೇಳ್ಬಾರ್ದಾ? ಗುಂಡಿ ತೋಡಿಸಿದ್ದು ಅವ್ರ ಮಾವನೇ ಅಲ್ವಾ?" ಎಂದಳು. ಅಕ್ರೋಟು ಮರದ ಕೊಂಬೆಯೊಂದರ ಜಗಳದಿಂದ ನಾವೂ ವೆಲಿಕಕ್ಕನೂ ಎಷ್ಟೋ ವರ್ಷಗಳಿಂದ ಮಾತು ಬಿಟ್ಟವರು. "ಅವರನ್ನ ಕೇಳೋದಕ್ಕಿಂತ ಪೈಪು ಒಡೆದ್ರೇ ವಾಸಿ" ಎಂದು ತಮ್ಮನ್ನೇ ನನ್ನ ತೋಟದವರೆಂದು ನಂಬಿ ತಿರುಗಿಸಿ ಮುಚ್ಚಿ, ಪೈಪಿನ ನೀರನ್ನು ಹೊರದಬ್ಬಲು ಕೆಳಗಿನ ತೂತಿಗೆ ಕಂಪ್ರೆಸರ್ ಜೋಡಿಸಿ ಗಾಳಿ ಬಿಟ್ಟೆ.

ಆ ಗಾಳಿಯನ್ನು ಎಳ್ಳಷ್ಟೂ ಪೋಲು ಮಾಡದೆ ತಾವು ವೆಲಿಕಕ್ಕನ ಅಡುಗೆಮನೆಗೆ ಮುಟ್ಟಿಸಿದ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಪೀಪಾಯಿಯಲ್ಲಿ ಉಪ್ಪು ಹಾಕಿಡಲು ಕೋಸು ತೊಳೆಯುತ್ತಿದ್ದ ಅವರು, ನೀರೇಕೆ ನಿಂತಿತೆಂದು ನಲ್ಲಿಯ ಬಾಯಿಗೆ ಕಣ್ಣಿಟ್ಟ ಗಳಿಗೆಯಲ್ಲೇ ಅದು ಉಳಿದಿದ್ದನ್ನೆಲ್ಲ ಮುಖಕ್ಕೆ ಉಗಿಯಿತು.

ಕೂದಲಿಗೆ ಅಂಟಿದ ಕೋಸಿನೆಲೆಯೊಂದಿಗೇ ಬೇಲಿಗೆ ಬಂದರು. "ಏನೋ ಗೆನಾದಿ, ನನ್ ನಲ್ಲಿಗೆ ದೆವ್ವ ಬಿಟ್ಟಿದೀಯೇನೋ? ಕೆಮ್ಮುತ್ತೆ, ಉಗಿಯುತ್ತೆ, ನೀರು ಮಾತ್ರ ಬಿಡಲ್ಲ."

ಗುಂಡಿಯೊಳಗಿಂದಲೇ, "ಡ್ರಿಪ್ ಖಾಲಿ ಮಾಡ್ತಿದ್ದೆ, ಅಕ್ಕಾ" ಎಂದೆ.

"ನನ್ ಮನೇನೇ ಖಾಲಿ ಮಾಡ್ತಿದೀಯಲ್ಲೋ" ಎಂದವರೇ ನಗತೊಡಗಿ, ನಿಲ್ಲಿಸಲಾಗದೆ ಬೇಲಿ ಹಿಡಿದು ಕುಕ್ಕರಿಸಿದರು.

ಆಮೇಲೆ ತಾವಾಗಿಯೇ ಈಚೆ ಬಂದು, ಸಾಲು ಸಾಲಿಗೂ ಹೋಗಿ ಪೈಪಿನ ತುದಿಯ ಬಿರಡೆ ಕಿತ್ತರು. ನಾನು ಈ ಸಲ ಬಲಗಡೆಯವರ ಮೂಲಕ ಗಾಳಿ ಬಿಟ್ಟೆ. ಮೆಣಸಿನಕಾಯಿ ಸಾಲು ಬರಿದಾಯಿತು, ಟೊಮೆಟೊ ಸಾಲು ಬರಿದಾಯಿತು, ಕತ್ತಲಾಗುವ ಮೊದಲೇ ಕೊನೆಯ ಪೈಪೂ ಬರೀ ಗಾಳಿ ಉಸುರಿತು. ನಮ್ಮ ಒಲೆಯೆದುರು ಕೂದಲು ಒಣಗಿಸಿಕೊಳ್ಳುತ್ತ, ಹಣ್ಣಿನ ಸಾರಾಯಿ ರಾಕಿಯಾವನ್ನು ಬಿಸಿಬಿಸಿಯಾಗಿ ಗುಟುಕರಿಸುತ್ತ ವೆಲಿಕಕ್ಕ ಕಲಿನಾಳಿಗೆ ಹೇಳಿದರು: "ನೀನು ಆಸ್ಪತ್ರೇಲಿದ್ದಾಗ ದಿನಾ ಸಂಜೆ ನಿಮ್ಮ ಕಿಟಕೀನೇ ನೋಡ್ತಿದ್ದೆ ಕಣೇ. ಇವನು ದೀಪ ಹಚ್ಚಿದ ಮೇಲೇ ನನಗೆ ಊಟ ಸೇರ್ತಿದ್ದದ್ದು." ನಾನು ಒಲೆಗೆ ಸೌದೆ ತುರುಕಿದೆ.

ಬೆಳಿಗ್ಗೆ ಬಕೆಟ್ಟಿನ ನೀರು ಕಲ್ಲಾಗಿತ್ತು. ಪೈಪು ಒಂದೂ ಸೀಳಿರಲಿಲ್ಲ.

ಆದ್ದರಿಂದ ಮಾನ್ಯರೇ, ಮುಂದಿನ ಚಳಿಗಾಲದೊಳಗೆ ದಯವಿಟ್ಟು ಗುರುತಿಗೊಂದು ಮೀಸೆ ಬೆಳೆಸಿಕೊಳ್ಳಿ, ಇಲ್ಲವೇ ನಾನು ಕೈಯಿಟ್ಟೊಡನೆ "ನಾನಲ್ಲ" ಎಂದು ಗಂಟಲು ಸರಿಪಡಿಸಿಕೊಳ್ಳಿ ಎಂದು ಪ್ರಾರ್ಥಿಸುವ,

ತಮ್ಮ ಹಿಡಿಯನ್ನು ನಂಬಿ ನಗೆಪಾಟಲಾದ ವಿಶ್ವಾಸಿ,
ಗೆನಾದಿ ಬೊಯಾಜಿಯೆವ್

ತಾ.ಕ.: ವೆಲಿಕಕ್ಕ ಅಷ್ಟು ವರ್ಷ ಕೂಡಿಟ್ಟ ಮಾತನ್ನೆಲ್ಲ ಈಗ ದಿನವೂ ಕಾಫಿಯ ಹೊತ್ತಿಗೆ ಬಂದು ಆಡುತ್ತಿದ್ದಾರೆ. ಅದರಲ್ಲಿ ಬಹುಪಾಲು ನನ್ನ ಕುರಿತ ಬೈಗುಳ. ಕಲಿನಾ ಒಂದನ್ನೂ ಅಲ್ಲಗಳೆಯುತ್ತಿಲ್ಲ, ಮರೆತುಹೋದದ್ದನ್ನು ನೆನಪಿಸಿಕೊಡುತ್ತಿದ್ದಾಳೆ.