ಒಂಬತ್ತು ನಂಬರಿನ ತಂತಿ

ತಮ್ಮ ಅಂಗಡಿಯ ಬುದ್ಧಿ ಎಲ್ಲ ಕಡೆಯೂ ನಡೆಯುತ್ತದೆ ಎಂದು ನಂಬುವುದು ವ್ಯಾಪಾರಸ್ಥರಿಗೆ ಅಂಟಿದ ಜಾಡ್ಯ. ಸೊಲ್ಲಾಪುರದಲ್ಲಿ ನೂಲಿನ ಅಂಗಡಿ ಇಟ್ಟಿರುವ ನನಗೆ ಅದು ತುಸು ಹೆಚ್ಚು. ಇಲ್ಲದಿದ್ದರೆ ಗಿಟಾರಿನ ತಂತಿ ಕೊಳ್ಳುವಾಗ ನಾನು ಅಷ್ಟು ಜಂಭ ಪಡುತ್ತಿರಲಿಲ್ಲ.

ಕಾಲೇಜಿನ ದಿನಗಳ ಆ ಗಿಟಾರನ್ನು ಕಪಾಟಿನ ಮೇಲಿನಿಂದ ಇಳಿಸಿದ್ದು ಹೆಂಡತಿ ಶಾಂತಾಳಿಗಾಗಿ. ಅವಳ ತವರು ಅಕ್ಕಲಕೋಟ. ಅಲ್ಲಿ ತಮ್ಮನ ಮಗಳಿಗೆ ಹೆಸರಿಡುವುದಿತ್ತು. ತೊಟ್ಟಿಲ ಪದ ಹಾಡಬೇಕಾದವಳು ಸೋದರತ್ತೆ, ಅಂದರೆ ಇವಳು. ಇವಳ ದನಿ ತಗ್ಗಿನದು. ಹಿಂದೆ ಅಣ್ಣನ ಮಗನ ತೊಟ್ಟಿಲ ಶಾಸ್ತ್ರದಲ್ಲಿ ಇವಳು ಶುರು ಮಾಡುತ್ತಲೇ ಓಣಿಯ ಹೆಂಗಸರೆಲ್ಲ ಏರುದನಿಯಲ್ಲಿ ಕೂಡಿಕೊಂಡು ಹಾಡನ್ನು ಮಾಳಿಗೆ ಹತ್ತಿಸಿಬಿಟ್ಟಿದ್ದರು. ಇವಳು ನಡುವೆಯೇ ಬಾಯಿ ಮುಚ್ಚಿದಳು. “ಈ ಸಲ ಬ್ಯಾರೆ ಯಾರರ ಹಾಡಲ್ರಿ” ಎಂದು ಕಣ್ಣು ತುಂಬಿಕೊಂಡದ್ದು ನೋಡಿ ನನಗೆ ಸಂಕಟವಾಯಿತು, ಛಲವೂ ಬಂತು. “ನಿನ್ನ ಸ್ವರ ಹಿಡದು ನಾ ಬಾರಸ್ತೀನಿ. ಯಾರು ಮ್ಯಾಲ ಎಳೀತಾರ ನೋಡೂಣು” ಎಂದೆ.

ಹೇಳುವುದು ಸುಲಭ. ಬೆರಳೊತ್ತದೆ ಮೀಟಿದರೂ ಆರೂ ತಂತಿ ತಂಬೂರಿಯ ಹಾಗೆ ಸಾ-ಪ-ಸಾ ಅನ್ನಬೇಕು, ಅದೂ ಅವಳ ಷಡ್ಜಕ್ಕೆ. ಅಷ್ಟು ಕೆಳಗೆ ಇಳಿಸಿದರೆ ತಂತಿ ಸಡಿಲಾಗಿ ಝರ್ ಝರ್ ಅನ್ನುತ್ತಿತ್ತು. ತಗ್ಗಿದ ಸ್ವರಕ್ಕೆ ದಪ್ಪ ತಂತಿಯೇ ಬೇಕೆಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಅಷ್ಟು ದಿನ ಆ ಸದ್ದಿಗೆ ಹೆದರಿ ಅಪ್ಪ ಊಟಕ್ಕೆ ಅಂಗಡಿಯಿಂದ ಮನೆಗೇ ಬರಲಿಲ್ಲ.

ನೂಲು ಖರೀದಿಗೆ ಮುಂಬಯಿಗೆ ಹೋದಾಗ ವಾದ್ಯದ ಅಂಗಡಿಗೂ ಹೋದೆ. ದಪ್ಪನೆಯದು ಕೊಡಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಂಗಡಿಯವ, “ಒಂಬತ್ತು ನಂಬರೋ, ಹದಿಮೂರೋ?” ಎಂದು ಮರಾಠಿಯಲ್ಲಿ ಕೇಳಿದ. ನಂಬರಿನ ಮಾತು ನನಗೇ ಕಲಿಸುವುದೇ! ಇಪ್ಪತ್ತು ನಂಬರಿನ ನೂಲು ದಪ್ಪ, ಅರವತ್ತರದು ಕೂದಲೆಳೆ. ನಂಬರು ಇಳಿದಷ್ಟೂ ದಪ್ಪ. “ಒಂಬತ್ತು!” ಎಂದೆ, ಇಡೀ ಅಂಗಡಿಗೆ ಕೇಳುವ ಹಾಗೆ.

ಹೆಸರಿಡುವ ದಿನ ಬೆಳಿಗ್ಗೆ ಸೊಲ್ಲಾಪುರದಲ್ಲಿ ರೈಲಿಳಿದು, ಮನೆಯಿಂದ ಗಿಟಾರು ಎತ್ತಿಕೊಂಡು, ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟ ಸೇರಿದೆ. ಹಳೆಯ ತಂತಿಗಳನ್ನು ಕತ್ತರಿಸಿ ಎಸೆದೆ. ಆಮೇಲೆ ಪಾಕೀಟು ಒಡೆದೆ. ಒಳಗಿದ್ದದ್ದು ಅರವತ್ತು ನಂಬರಿನ ನೂಲಿನಂಥ ತಂತಿ! ತಂತಿಯವರ ಲೆಕ್ಕ ನಮ್ಮದಕ್ಕೆ ಪೂರಾ ಉಲ್ಟಾ, ನಂಬರು ಇಳಿದಷ್ಟೂ ಸಣ್ಣ. ಶಾಂತಾಳ ಷಡ್ಜಕ್ಕೆ ಇಳಿಸಿದರೆ ಅವು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದವು.

ಹೊರಗೆ ಹೆಂಗಸರು ತೊಟ್ಟಿಲ ಸುತ್ತ ಕೂತಾಗಿತ್ತು. ಓಡಿಹೋಗುವ ಮನಸ್ಸಾಯಿತು, ಆದರೆ ಮಾತು ಕೊಟ್ಟಿದ್ದೆ. ಹೋಗಿ ಅವಳ ಪಕ್ಕದಲ್ಲೇ ಕೂತೆ. ಅತ್ತೆಯವರು, “ಯಾರೂ ದನಿ ತಗೀಬ್ಯಾಡ್ರೆವಾ, ಮದಲ ಗಿಟಾರ ಶುರು ಆಗ್ಲಿ” ಎಂದರು. ಎಲ್ಲರೂ ನನ್ನ ಕಡೆ ತಿರುಗಿ ಕೂತರು. ಝರ್ ಅನ್ನದಿರಲೆಂದು ನಾನು ತಂತಿಗಳ ಮೇಲೆ ಅಂಗೈ ಗಟ್ಟಿಯಾಗಿ ಒತ್ತಿ ಹಿಡಿದೆ. ಶಾಂತಾ ನನ್ನ ಕೈ ನೋಡಿದಳು, ಮುಖ ನೋಡಿದಳು. ಎಲ್ಲ ತಿಳಿದವಳಂತೆ ತಾನೇ ಶುರು ಮಾಡಿದಳು, ತನ್ನದೇ ತಗ್ಗಿದ ದನಿಯಲ್ಲಿ. ಹೆಂಗಸರು ಗಿಟಾರಿಗಾಗಿ ಕಾಯುತ್ತಲೇ ಇದ್ದರು. ಅವರು ಕಾಯುವಷ್ಟರಲ್ಲಿ ಹಾಡು ಮುಗಿಯಿತು, ಕೂಸು ನಿದ್ದೆ ಹೋಯಿತು. ಅಷ್ಟು ಚೆಂದದ ದನಿ ನನ್ನ ಮನೆಯಲ್ಲೇ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ.

“ಅಳ್ಯಾರ, ನಿಮ್ಮ ಸಾಥ್ ಭಾರಿ ಆತು ನೋಡ್ರಿ. ಎಲ್ಲೂ ಹಾಡಿಗೆ ಅಡ್ಡ ಬರಲಿಲ್ಲ” ಎಂದು ಮಾವನವರು ಬೆನ್ನು ತಟ್ಟಿದರು. ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು, “ಹಿಂಗ ಬಾರಿಸಿದ್ರ ನಾ ದಿನಾ ಹಾಡ್ತೀನ್ರಿ” ಎಂದಳು.

ಮಾತಿಗೆ ತಪ್ಪಿಲ್ಲ, ದಿನವೂ ಸಂಜೆ ಹಾಡುತ್ತಾಳೆ. ಛಲ ಬಿಡದೆ ನಾನು ಹದಿಮೂರು ನಂಬರಿನ ತಂತಿ ತರಿಸಿ ಹಾಕಿದ್ದೇನೆ. ಅವಳ ಷಡ್ಜಕ್ಕೆ ತಂಬೂರಿಯಂತೆ ಕೂತಿವೆ. ಇನ್ನು ತಂತಿಗಳ ಮೇಲಿಂದ ಅಂಗೈ ಎತ್ತುವುದೊಂದೇ ಬಾಕಿ. ಅದಕ್ಕೆ ಮಾತ್ರ ಅವಳ ಒಪ್ಪಿಗೆ ಸಿಕ್ಕಿಲ್ಲ.