ಬ್ರೇಕು ಪಳಗಿಸಿದ್ದು

ಹೂಕುಂಡದ ಅಂಚಿನಿಂದ ಒಂದು ಚಕ್ಕೆ ಹಾರಿದ್ದಕ್ಕೆ ಇಷ್ಟೆಲ್ಲ ಆಗಬೇಕಾಗಿರಲಿಲ್ಲ. ಕನ್ನಡಕದವನು ತನ್ನ ಪುಟ್ಟ ಕೆಂಪು ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ, ಅದು ನಿಲ್ಲಬೇಕಾದ ಜಾಗಕ್ಕಿಂತ ನಾಲ್ಕು ಬೆರಳು ಮುಂದೆ ಹೋಗಿ ನಿಂತಿತು. ಆ ನಾಲ್ಕು ಬೆರಳಿನ ಜಾಗದಲ್ಲಿ ಹೂಕುಂಡವಿತ್ತು. ಅದರ ಹಿಂದೆ ಹೆಂಡತಿಯಿದ್ದಳು.

"ಈ ಡಬ್ಬಿಗೆ ಓಡೋದೊಂದು ಗೊತ್ತು ಕಣ್ರೀ," ಎಂದಳು ಅವಳು. "ನಿಲ್ಲೋದನ್ನ ಯಾರೂ ಕಲಿಸಿಲ್ಲ. ಇವತ್ತು ಕುಂಡ, ನಾಳೆ ನಾನು."

"ನಾಲ್ಕೇ ಬೆರಳು ಕಣೇ."

"ನಾಲ್ಕು ಬೆರಳು ಕೆನ್ನೆ ಮೇಲೆ ಬಿದ್ರೆ ಗೊತ್ತಾಗುತ್ತೆ, ಎಷ್ಟು ಅಂತ."

ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವುದು ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕತ್ತಲ ಗೂಡಿನಂಥ ಕೋಣೆಯಲ್ಲಿ ನಿಂತು "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಎಂದು ಕೇಳುತ್ತಿರುವವನ ಬಾಳಿನಲ್ಲಿ, ಯಾರಾದರೂ ಕೊನೆಯ ಸಾಲನ್ನು ತಪ್ಪಾಗಿ ಓದುವುದೇ ದೊಡ್ಡ ಸಾಹಸ. ಇಂಥವನು ನಲವತ್ತೆರಡನೆಯ ವಯಸ್ಸಿನಲ್ಲಿ, ಮೂರು ಕೈ ದಾಟಿ ಬಂದ ಎರಡು ಬಾಗಿಲಿನ ರೇಸ್ ಕಾರು ಕೊಂಡ. ಹಿಂಭಾಗದಲ್ಲಿ ಇಸ್ತ್ರಿ ಹಲಗೆಯಂಥ ರೆಕ್ಕೆ. ಮುಂದಿನ ಸೀಟಿನಲ್ಲಿ ಕೂರುವುದೆಂದರೆ ಹಳ್ಳಕ್ಕೆ ಬಿದ್ದಂತೆ. ಹಿಂದಿನ ಸೀಟಿನಲ್ಲಿ ಊಟದ ಡಬ್ಬಿಯೂ ಕಾಲು ಮಡಚಿಯೇ ಕೂರಬೇಕು. ಅವನು ಓಡಿಸುವಾಗ ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಅಂಗಡಿಗಳ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದ. ಕಾರಿಗೆ ಅದು ಗೊತ್ತಿತ್ತೋ ಏನೋ, ಅದೂ ಅವನನ್ನು ಅಷ್ಟಾಗಿ ಲೆಕ್ಕಕ್ಕಿಟ್ಟಿರಲಿಲ್ಲ.

ಹೆಂಡತಿ ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಕುಂಡದ ಚಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ತೀರ್ಪು ಕೊಟ್ಟಳು. "ಶನಿವಾರ ಹನ್ನೊಂದರ ಬಸ್ಸಿಗೆ ಅಮ್ಮ ಬರ್ತಾಳೆ. ಇದರಲ್ಲಿ ಕೂರಿಸ್ಕೊಂಡು ಬನ್ನಿ. 'ಇದು ನಿಲ್ಲುತ್ತೆ' ಅಂತ ಅವಳು ಒಂದು ಮಾತು ಹೇಳಿದ್ರೆ ಕಾರು ಮನೇಲಿರಲಿ. ಇಲ್ದಿದ್ರೆ ಸೋಮವಾರ ಮಾರಿಬಿಡೋದು."

ಅತ್ತೆ ಇಪ್ಪತ್ತೆರಡು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಮನುಷ್ಯರ ಗುಣವನ್ನು ಅವರು ಬ್ರೇಕು ಹಾಕುವ ರೀತಿಯಿಂದಲೇ ಅಳೆಯುತ್ತಿದ್ದರು. ಮದುವೆಗೆ ಮುಂಚೆ ಇವನನ್ನು ನೋಡಿದಾಗ ಸಂಬಳ ಕೇಳಲಿಲ್ಲ, ಓದು ಕೇಳಲಿಲ್ಲ. ಸೈಕಲ್ಲು ಹೇಗೆ ನಿಲ್ಲಿಸುತ್ತಾನೆಂದು ಕಿಟಕಿಯಿಂದ ನೋಡಿದ್ದರು. ಇವನು ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸಿದ್ದ. ಮಗಳ ಹಟಕ್ಕೆ ಒಪ್ಪಿದ್ದರಷ್ಟೇ.

ಶನಿವಾರ ಅಂಗಡಿಗೆ ರಜೆ ಹಾಕಿದ. "ಅತ್ತೆಯನ್ನ ಬಸ್ಸಿಂದ ಕರ್ಕೊಂಡು ಬರ್ಬೇಕು ಸಾರ್," ಎಂದು ಮಾಲೀಕರಿಗೆ ಹೇಳಿ, ಬೆಳಿಗ್ಗೆ ಏಳಕ್ಕೇ ಗ್ಯಾರೇಜಿಗೆ ಹೋದ. ಹಳೆಯ ಬ್ರೇಕು ಕಿತ್ತು ಹೊಸದು ಹಾಕಿಸಿದ. ಊಟದ ತಟ್ಟೆಯಗಲದ ಡಿಸ್ಕುಗಳು. ಅವುಗಳನ್ನು ಕಚ್ಚಿ ಹಿಡಿಯಲು ಹಳದಿ ಬಣ್ಣದ ದಪ್ಪ ಇಕ್ಕಳಗಳು. ಚಕ್ರದ ಸಂದಿನಿಂದ ಹಳದಿ ಬಣ್ಣ ಕಾಣುತ್ತದೆಯೋ ಇಲ್ಲವೋ ಎಂದು ಅವನು ನಾಲ್ಕು ಕಡೆಯಿಂದಲೂ ಬಗ್ಗಿ ನೋಡಿದ. ಅವು ನಿಲ್ಲಿಸುತ್ತವೆಯೇ ಎಂದು ಕೇಳಲು ಆಮೇಲೆ ನೆನಪಾಯಿತು.

"ನಿಲ್ಸುತ್ತೆ ಸಾರ್, ಗೋಡೆ ಥರ ನಿಲ್ಸುತ್ತೆ," ಎಂದ ಮೆಕ್ಯಾನಿಕ್. "ಆದ್ರೆ ಮೊದ್ಲು ಪಳಗಿಸ್ಬೇಕು. ಖಾಲಿ ರಸ್ತೆ ಹಿಡೀರಿ. ಅರವತ್ತಕ್ಕೆ ಏರ್ಸಿ, ಒತ್ತಿ ಹತ್ತಕ್ಕೆ ಇಳಿಸಿ. ಮತ್ತೆ ಅರವತ್ತು, ಮತ್ತೆ ಹತ್ತು. ಹೀಗೆ ಹತ್ತು ಸಲ. ಒಂದು ಸಲಾನೂ ಪೂರ್ತಿ ನಿಲ್ಲಿಸ್ಬೇಡಿ. ಕಾದಿರುವಾಗ ನಿಂತ್ರೆ ಡಿಸ್ಕಿನ ಮೇಲೆ ಕಲೆ ಬೀಳುತ್ತೆ. ಆಮೇಲೆ ಬ್ರೇಕು ಒತ್ತಿದಾಗೆಲ್ಲ ಗಾಡಿ ಜ್ವರ ಬಂದ ಹಾಗೆ ನಡುಗುತ್ತೆ. ಹತ್ತು ಸಲ ಆದ್ಮೇಲೆ ಹತ್ತು ನಿಮಿಷ ಬ್ರೇಕು ಮುಟ್ದೇ ಓಡ್ಸಿ, ತಣ್ಣಗಾಗ್ಲಿ."

"ಮಧ್ಯದಲ್ಲಿ ಯಾರಾದ್ರೂ ಕೈ ಅಡ್ಡ ಹಾಕಿದ್ರೆ?"

"ನೀವೂ ಕೈ ಬೀಸಿ, ಹೋಗ್ತಾ ಇರಿ."

ಗಂಟೆ ಹತ್ತಾಗಿತ್ತು. ಬಡಾವಣೆಯ ಆಟದ ಮೈದಾನವನ್ನು ಸುತ್ತಿ ಅಗಲವಾದ ಒಂದು ರಸ್ತೆಯಿದೆ. ಶನಿವಾರ ಅಲ್ಲಿ ನಾಯಿಯೂ ಓಡಾಡುವುದಿಲ್ಲ. ಅದರ ಒಂದು ಬದಿಯಲ್ಲಿ ಬಸ್ ತಂಗುದಾಣ, ಇನ್ನೊಂದು ಬದಿಯಲ್ಲಿ ಮನೆಗಳ ಸಾಲು. ಒಂದು ಸುತ್ತಿಗೆ ಎರಡು ಸಲ ಬ್ರೇಕು ಹಾಕಬಹುದು. ಐದು ಸುತ್ತು, ಆಮೇಲೆ ಹತ್ತು ನಿಮಿಷ ತಂಪು, ಆಮೇಲೆ ಅತ್ತೆ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ಅವನಿಗೆ ತನ್ನ ಬಗ್ಗೆಯೇ ಗೌರವ ಹುಟ್ಟಿತು.

ಮೊದಲ ಸುತ್ತು ಸೊಗಸಾಗಿ ಮುಗಿಯಿತು. ಎರಡನೆಯ ಸುತ್ತಿನಲ್ಲಿ ತಂಗುದಾಣದ ಬಳಿ ಅರವತ್ತರಿಂದ ಇಳಿಸುತ್ತಿರುವಾಗ, ಕೊಡೆ ಹಿಡಿದು, ಕಾಲ ಬಳಿ ಎರಡು ಚೀಲ ಇಟ್ಟುಕೊಂಡು ಅತ್ತೆ ನಿಂತಿದ್ದರು. ಹನ್ನೊಂದರ ಬಸ್ಸಿನ ಚಾಲಕ ಬ್ರೇಕನ್ನು ಒದೆಯುತ್ತಾನೆಂದು ಅವರು ಒಂದು ಬಸ್ಸು ಮುಂಚೆಯೇ ಬಂದಿದ್ದರು.

ಅಳಿಯನ ಕಾರು ನಯವಾಗಿ ನಿಧಾನವಾದದ್ದು ಕಂಡು ಅತ್ತೆಯ ಮುಖ ಅರಳಿತು. ಚೀಲ ಎತ್ತಿದರು. ಬಾಗಿಲ ಹಿಡಿಗೆ ಕೈ ಚಾಚಿದರು. ಬೆರಳು ತಗುಲಿಯೂ ಬಿಟ್ಟಿತು.

"ಒಂದ್ನಿಮಿಷ ಅತ್ತೆ! ಇನ್ನೂ ಏಳು ಸಲ ಬಾಕಿ ಇದೆ!" ಎಂದು ಗಾಜಿನೊಳಗಿಂದ ಕೂಗಿ, ಕೈ ಬೀಸಿ, ಕನ್ನಡಕದವನು ಕಾರನ್ನು ಅರವತ್ತಕ್ಕೆ ಏರಿಸಿದ. ರೇಸ್ ಕಾರಿನ ಸೈಲೆನ್ಸರ್ ಹೊಗೆಯನ್ನೂ ಸದ್ದನ್ನೂ ಅತ್ತೆಯ ಮುಖದ ಮೇಲೆ ಉಗಿದು ಹೋಯಿತು.

ನಿಲ್ಲಿಸಬಹುದಿತ್ತಲ್ಲ ಎನ್ನಬಹುದು. ಅವನಿಗೂ ಹಾಗೆ ಅನಿಸಿತು. ಆದರೆ ಈಗ ನಿಂತರೆ ಬ್ರೇಕು ಕೆಡುತ್ತದೆ. ಕೆಟ್ಟ ಬ್ರೇಕಿನ ನಡುಕ ಅತ್ತೆಗೆ ಕೂತ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಸೋಮವಾರ ಕಾರು ಹೋಗುತ್ತದೆ. ಅತ್ತೆಯ ಮೆಚ್ಚುಗೆ ಗಳಿಸಲಿಕ್ಕಾಗಿಯೇ ಅತ್ತೆಯನ್ನು ಬಿಟ್ಟು ಹೋಗಬೇಕಾಗಿತ್ತು. ಹೀಗೆ ಯೋಚಿಸುತ್ತ ಮೈದಾನದ ಇನ್ನೊಂದು ಬದಿಗೆ ಬಂದಾಗ, ಮಂಡಿನೋವಿಗೆಂದು ವೈದ್ಯರು ಹೇಳಿದ ನಡಿಗೆಯನ್ನು ಮುಗಿಸಿ ಅಂಗಡಿ ಮಾಲೀಕರು ಕುಂಟುತ್ತ ಬರುತ್ತಿದ್ದರು.

ಇಲ್ಲಿ ನಾಲ್ಕನೆಯ ಬ್ರೇಕು. ಕಾರು ಹತ್ತಕ್ಕೆ ಇಳಿಯಿತು. "ದೇವರು ಕಳಿಸ್ದ ಹಾಗೆ ಬಂದ್ರಿ ಕಣ್ರೀ," ಎನ್ನುತ್ತ ಮಾಲೀಕರು ಬಾಗಿಲಿಗೆ ಕೈ ಹಾಕಿ, ಕಾರು ನಿಲ್ಲದ್ದರಿಂದ ಅದರ ಪಕ್ಕದಲ್ಲೇ ನಡೆದರು, ನಡಿಗೆ ಓಟವಾಯಿತು, ಓಟ ಕುಪ್ಪಳಿಸುವುದಾಯಿತು. "ಏನ್ರೀ! ನಿಲ್ಸ್ರೀ! ಏನ್ರೀ ಇದು!" ಕನ್ನಡಕದವನು ಕೈ ಬೀಸಿ ಹೋದ. ಮಾಲೀಕರು ಒಂದೇ ಕಾಲಲ್ಲಿ ಮೈದಾನ ದಾಟಿ ಹೋಗಿ ತಂಗುದಾಣದ ಕಲ್ಲುಬೆಂಚಿನ ಮೇಲೆ ಕುಸಿದರು.

"ನನ್ನ ಅಂಗಡಿಯವನೇ ಕಣಮ್ಮಾ ಅವನು," ಎಂದರು ಅಲ್ಲಿದ್ದ ಹೆಂಗಸಿಗೆ. "ಅತ್ತೆಯನ್ನ ಬಸ್ಸಿಂದ ಕರ್ಕೊಂಡು ಬರ್ತೀನಿ ಅಂತ ರಜಾ ಹಾಕಿ, ಇಲ್ಲಿ ಮೋಜು ಮಾಡ್ತಿದಾನೆ."

"ಆ ಅತ್ತೆ ನಾನೇ," ಎಂದರು ಅತ್ತೆ.

ಮೂರನೆಯ ಸುತ್ತಿನಲ್ಲಿ ಅತ್ತೆ ಮತ್ತೆ ಚೀಲ ಎತ್ತಿದರು. ನಾಲ್ಕನೆಯದರಲ್ಲಿ ಬರೀ ಕೊಡೆ ಎತ್ತಿದರು, ಅದೂ ಬೇರೆ ಉದ್ದೇಶಕ್ಕೆ. ಐದನೆಯದರಲ್ಲಿ ಏನೂ ಎತ್ತಲಿಲ್ಲ. ಕಾರು ಅವರ ಮುಂದೆ ನಿಧಾನವಾಗಿ ಹಾಯುವಾಗ ಸುಮ್ಮನೆ ನೋಡಿದರು. ಇಪ್ಪತ್ತೆರಡು ವರ್ಷ ಕನ್ನಡಿಯಲ್ಲಿ ಹಿಂದಿನ ಸೀಟಿನ ತುಂಟರನ್ನು ನೋಡಿ ಪಳಗಿದ ನೋಟ ಅದು. ಕನ್ನಡಕದವನಿಗೆ ಎಂಜಿನ್ನಿನ ಸದ್ದೇ ಕೇಳದಂತಾಯಿತು.

ಹತ್ತು ಸಲ ಮುಗಿಯುವಷ್ಟರಲ್ಲಿ ಚಕ್ರಗಳಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಹೊಸ ಬ್ರೇಕು ಕಾದಾಗ ಅದು ಸಹಜ. ಆದರೆ ಸಹಜವಾದದ್ದನ್ನು ಸಹಜವಾಗಿ ಬಿಡುವ ಜನ ಆ ಬಡಾವಣೆಯಲ್ಲಿ ಇರಲಿಲ್ಲ. ಮುಖ್ಯವಾಗಿ ಸೀಟಿ ಮಾಮ. ನಿವೃತ್ತರಾದ ಮೇಲೆ ಕೊರಳಿಗೆ ಸೀಟಿ ಕಟ್ಟಿಕೊಂಡು, ಯಾರೂ ಕೇಳದಿದ್ದರೂ ಇಡೀ ಬಡಾವಣೆಯ ಸಂಚಾರ ನಡೆಸುತ್ತಿದ್ದವರು. ತಮ್ಮ ಮಹಡಿಯಿಂದ ಹೊಗೆ ನೋಡಿದರು. ಜನರ ಮುಂದೆ ನಿಲ್ಲಲು ಹೋಗಿ ನಿಲ್ಲಲಾರದೆ ಮುಂದೋಡುವ ಕಾರು ನೋಡಿದರು. ಒಳಗೆ ಕೈ ಬೀಸುತ್ತಿದ್ದ ಬಡಪಾಯಿಯನ್ನು ನೋಡಿದರು. ಸೀಟಿ ಬಾಯಿಗೆ ಹೋಯಿತು.

"ಬ್ರೇಕು ಹೋಗಿದೆ! ಬ್ರೇಕು ಹೋಗಿದೆ! ಎಲ್ಲಾ ಬನ್ರೋ!"

ತಣ್ಣಗಾಗುವ ಹತ್ತು ನಿಮಿಷ ಶುರುವಾಗಿತ್ತು. ಬ್ರೇಕು ಮುಟ್ಟುವಂತಿಲ್ಲ. ಕನ್ನಡಕದವನು ಸುತ್ತು ಹಾಕಿದಂತೆಲ್ಲ ರಸ್ತೆಯ ಬದಿಯಲ್ಲಿ ಜನ ಹೆಚ್ಚಾದರು. "ಧೈರ್ಯವಾಗಿರಪ್ಪಾ!" ಎಂದರು. ಅವನು ಏನಿಲ್ಲವೆಂದು ಕೈಯಾಡಿಸಿದ. "ನೋಡ್ರೋ ಪಾಪ, ಕಾಪಾಡಿ ಅಂತ ಕೇಳ್ತಿದಾನೆ," ಎಂದು ಸೀಟಿ ಮಾಮ ವಿವರಿಸಿದರು. ಯಾರೋ ಅವನ ಹೆಂಡತಿಗೆ ಫೋನು ಮಾಡಿದರು. ಇನ್ಯಾರೋ ಎರಡೂ ಕೈ ತೋರಿಸಿ "ಹಾರಿಬಿಡು!" ಎಂದು ಸಲಹೆ ಕೊಟ್ಟರು. ಕಾರು ಆಗ ಸೈಕಲ್ಲಿನ ವೇಗದಲ್ಲಿ ಹೋಗುತ್ತಿತ್ತು.

ಒಂಬತ್ತು ನಿಮಿಷ ಐವತ್ತು ಸೆಕೆಂಡಿಗೆ ಅವನು ತಂಗುದಾಣದ ತಿರುವು ದಾಟಿದಾಗ, ಮೈದಾನದ ಉಗ್ರಾಣದಲ್ಲಿದ್ದ ಎತ್ತರ ಜಿಗಿತದ ದಪ್ಪ ಹಾಸಿಗೆಯನ್ನು ರಸ್ತೆಗೆ ಅಡ್ಡಲಾಗಿ ಎಳೆದು ತಂದು, ಅದರ ಹಿಂದೆ ಇಡೀ ಬಡಾವಣೆ ನಿಂತಿತ್ತು. ಎಲ್ಲರ ಮುಂದೆ ಸೀಟಿ ಮಾಮ. ಪಕ್ಕದಲ್ಲಿ ಹೆಂಡತಿ, ಅತ್ತೆ, ಮಾಲೀಕರು.

ಅವನು ಒತ್ತಿದ.

ಕಾರು ನಿಂತಿತು. ಜಾರಲಿಲ್ಲ, ಕಿರುಚಲಿಲ್ಲ, ನಡುಗಲಿಲ್ಲ. ಹಾಸಿಗೆಗೆ ಒಂದು ಬೆರಳು ದೂರದಲ್ಲಿ, ಮೊದಲಿನಿಂದಲೂ ಅಲ್ಲೇ ಇತ್ತೇನೋ ಎಂಬಂತೆ ನಿಂತಿತು. ಕನ್ನಡಕದವನ ಕಣ್ಣು ತುಂಬಿತು. ಗೆದ್ದೆ ಎಂದುಕೊಂಡು ಇಳಿದ.

ಅವನು ಬಾಯಿ ತೆರೆಯುವ ಮೊದಲೇ ಜನ ಮುತ್ತಿಕೊಂಡರು. ಒಬ್ಬರು ನೀರು ಕುಡಿಸಿದರು, ಒಬ್ಬರು ಬೆನ್ನು ಸವರಿದರು. ಮಾಲೀಕರು ಅವನ ಎರಡೂ ಕೈ ಹಿಡಿದುಕೊಂಡರು. "ಕ್ಷಮಿಸ್ರೀ. ನನ್ನ ಅಣಕಿಸ್ಕೊಂಡು ಓಡಿಸ್ತಿದೀರ ಅಂದ್ಕೊಂಡೆ. ಸೋಮವಾರದಿಂದ ಅಂಗಡಿಗೆ ಬರೋದೇ ಬೇಡ ಅಂತ ಹೇಳೋಕೆ ಹೊರಟಿದ್ದೆ."

"ನಾನೂ ಅಷ್ಟೇ," ಎಂದರು ಅತ್ತೆ. "ನಾಲ್ಕು ಸಲ ನನ್ನ ಮುಂದೇನೇ ಹಾದು ಹೋದ್ರಲ್ಲ ಅಳಿಯಂದ್ರೇ, ಮಗಳನ್ನ ಕರ್ಕೊಂಡು ವಾಪಸ್ ಹೋಗೋಣ ಅಂತಿದ್ದೆ. ಬ್ರೇಕು ಹೋಗಿತ್ತಲ್ವಾ?"

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಅವನು ಲೆಕ್ಕ ಹಾಕಿದ. ಬ್ರೇಕು ಚೆನ್ನಾಗಿತ್ತು ಎಂದರೆ, ಅತ್ತೆಯನ್ನೂ ಮಾಲೀಕರನ್ನೂ ಬೇಕೆಂದೇ ಬಿಟ್ಟು ಹೋದಂತಾಯಿತು. ಕಾಣಲಿಲ್ಲ ಎಂದರೆ, ಊರಿಗೆಲ್ಲ ಕಣ್ಣು ನೋಡುವವನಿಗೇ ಕಣ್ಣಿಲ್ಲವೆಂದಾಯಿತು. ನಿಜ ಹೇಳಿನೋಡೋಣವೆಂದು, "ಅದು... ಬ್ರೇಕನ್ನ ಪಳಗಿಸ್ಬೇಕಾಗುತ್ತೆ..." ಎಂದ.

"ಪಳಗಿಸೋಕೆ ಅದೇನು ಹೋರಿನೇನಯ್ಯಾ?" ಎಂದರು ಸೀಟಿ ಮಾಮ. "ಪಾಪ, ಭಯಕ್ಕೆ ಏನೇನೋ ಬಡಬಡಿಸ್ತಿದಾನೆ."

"ಹೌದು ಅತ್ತೆ," ಎಂದ ಕನ್ನಡಕದವನು. "ಹೋಗಿತ್ತು. ಪೂರ್ತಿ ಹೋಗಿತ್ತು."

"ಹಾಗಾದ್ರೆ ಸೋಮವಾರ ಮಾರೋದೇ," ಎಂದಳು ಹೆಂಡತಿ. ಅವನು ತಲೆಯಾಡಿಸಿ ಅತ್ತ. ಜೀವ ಉಳಿದ ಸಂತೋಷಕ್ಕೆ ಅಳುತ್ತಿದ್ದಾನೆಂದು ಜನ ಇನ್ನಷ್ಟು ಬೆನ್ನು ಸವರಿದರು.

ಅತ್ತೆ ಮಾತ್ರ ಚಕ್ರ ಜಾರಿದ ಗುರುತಿದೆಯೇ ಎಂದು ಬಗ್ಗಿ ರಸ್ತೆ ನೋಡುತ್ತಿದ್ದರು. ಆಮೇಲೆ ಕಾರಿನ ಮೂತಿಗೂ ಹಾಸಿಗೆಗೂ ನಡುವಿನ ಸಂದಿಗೆ ಒಂದು ಬೆರಳು ತೂರಿಸಿದರು. "ಬ್ರೇಕು ಹೋದ ಕಾರು ಇಲ್ಲಿ ಹೆಂಗಪ್ಪಾ ನಿಂತ್ತು?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡು, "ಕೀ ಕೊಡಿ," ಎಂದರು.

ಕೊಡದೆ ವಿಧಿಯಿರಲಿಲ್ಲ. ಅತ್ತೆ ಸೀರೆ ಸರಿಮಾಡಿಕೊಂಡು ಹಳ್ಳದೊಳಗೆ ಇಳಿದಂತೆ ಸೀಟಿಗಿಳಿದರು. ಅವನು ಕುಡಿದು ಉಳಿಸಿದ್ದ ಅರ್ಧ ಲೋಟ ನೀರನ್ನು ಸ್ಟಿಯರಿಂಗಿನ ಮುಂದೆ ಇಟ್ಟುಕೊಂಡರು. ಮೈದಾನ ಸುತ್ತಿ, ನೆಟ್ಟಗೆ ಜನರ ಕಡೆಗೇ ಬಂದು, ಅದೇ ಒಂದು ಬೆರಳಿನ ದೂರದಲ್ಲಿ ನಿಲ್ಲಿಸಿದರು. ಇಳಿಯುವಾಗ ಅವರ ಕೈಯಲ್ಲಿ ಲೋಟವಿತ್ತು. ನೀರು ಅಷ್ಟೂ ಇತ್ತು.

"ಇಪ್ಪತ್ತೆರಡು ವರ್ಷದಲ್ಲಿ ಇಂಥ ಬ್ರೇಕು ನಾನು ತುಳಿದಿಲ್ಲ," ಎಂದರು ಅತ್ತೆ. "ಚಿನ್ನ. ಚಿನ್ನದಂಥ ಬ್ರೇಕು."

ಎಷ್ಟು ದಿನದಿಂದ ಕಾದಿದ್ದ ಮಾತು ಅದು! ಕನ್ನಡಕದವನು ಆ ಮಾತು ಕೇಳಿ ಕತ್ತು ಬಗ್ಗಿಸಿದ. ಬೆನ್ನು ಸವರುತ್ತಿದ್ದ ಕೈಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಸೀಟಿ ಮಾಮನ ಬಾಯಿಂದ ಸೀಟಿ ಕೆಳಗೆ ಬಿತ್ತು. ಮಾಲೀಕರು ತಮ್ಮ ಮಂಡಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಅಂದ್ರೆ ಬೇಕೂಂತ್ಲೇ..." ಎಂದರು.

"ಬೇಕೂಂತ್ಲೇ," ಎಂದರು ಅತ್ತೆ. "ಸುಳ್ಳು ಬೇರೆ."

"ಅಮ್ಮಾ, ಹಾಗಾದ್ರೆ ಕಾರು?" ಎಂದು ಹೆಂಡತಿ ಕೇಳಿದಳು.

"ಕಾರೇನು ತಪ್ಪು ಮಾಡಿದೆ? ಇರಲಿ. ಓಡಿಸೋರು ಬದಲಾದ್ರೆ ಸಾಕು." ಅತ್ತೆ ಬಾಗಿಲು ತೆರೆದು ಮಾಲೀಕರ ಕಡೆ ತಿರುಗಿದರು. "ಬನ್ನಿ ಸಾರ್, ಮುಂದೆ ಕೂತ್ಕೊಳ್ಳಿ. ಮಂಡಿ ವಾಸಿ ಆಗೋವರೆಗೆ ದಿನಾ ಅಂಗಡಿಗೆ ನಾನೇ ಬಿಡ್ತೀನಿ. ಮಗಳೇ, ಹಿಂದೆ ತೂರ್ಕೋ. ಎರಡು ದಿನ ಇದ್ದು ಹೋಗೋಣ ಅಂತ ಬಂದಿದ್ದೆ ಕಣೇ. ಇಂಥ ಬ್ರೇಕು ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ಲ. ಇನ್ನು ಇಲ್ಲೇ ನಿಂತ್ಬಿಡ್ತೀನಿ."

ಒಂದು ದಿನವೂ ಆ ಕಾರಿನಲ್ಲಿ ಕೂರದ ಹೆಂಡತಿ, ಕಾಲು ಮಡಚಿಕೊಂಡು ನಗುನಗುತ್ತ ಕೂತಳು. ಕಾರು ಹೊರಟಿತು. ಜನ ಹಾಸಿಗೆಯನ್ನು ಎಳೆದುಕೊಂಡು ಹೋದರು. ಅವನನ್ನು ಮಾತಾಡಿಸಿದವರು ಯಾರೂ ಇಲ್ಲ.

ಎರಡು ಚೀಲ, ಒಂದು ಕೊಡೆ ಹೊತ್ತು ಅವನು ಮನೆಯ ಕಡೆ ನಡೆಯುತ್ತಿರುವಾಗ ಜೇಬಿನಲ್ಲಿ ಫೋನು ರಿಂಗಾಯಿತು. ಮೆಕ್ಯಾನಿಕ್.

"ಸಾರ್, ಪಳಗಿಸಿದ್ರಾ? ಹೇಳಿ ಸಾರ್, ನಿಂತ್ತಾ?"

ಕನ್ನಡಕದವನು ಅತ್ತೆಯ ಚೀಲಗಳನ್ನು ಕೆಳಗಿಟ್ಟ.

"ನಿಂತ್ರು," ಎಂದ.