ದೊಡ್ಡಪ್ಪನ ಬೋಣಿ

ನಮ್ಮ ದೊಡ್ಡಪ್ಪ ಐದು ವರ್ಷ ಎಂ.ಎಲ್.ಎ. ಆಗಿದ್ದರು ಎಂದು ಊರೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ! ಆ ಐದು ವರ್ಷವೂ ಅವರು ನಡೆಸಿದ್ದು ಪಾತ್ರೆ ಅಂಗಡಿಯನ್ನೇ. ಗಿರಾಕಿಗಳು ಬೇರೆ, ಅಷ್ಟೆ.

ಬಂಗಾರಪೇಟೆ ರೈಲ್ವೆ ಸ್ಟೇಷನ್ ಹತ್ತಿರ ಅವರದು ಹಿತ್ತಾಳೆ ಪಾತ್ರೆಗಳ ಅಂಗಡಿ, ಅದರ ಹಿಂದೆಯೇ ಮನೆ. ಚಿನ್ನದ ಗಣಿಯ ತಮಿಳರು, ಗಡಿಯಾಚೆಯ ತೆಲುಗರು, ಹಳ್ಳಿಗಳ ನಮ್ಮವರು, ಎಲ್ಲರ ಮದುವೆಯ ಕೊಡಪಾನವೂ ಅಲ್ಲಿಂದಲೇ. ಮೂರು ಭಾಷೆ ಮಾತಾಡುತ್ತಿದ್ದ ದೊಡ್ಡಪ್ಪನಿಗೆ ಮೂರರಲ್ಲೂ ಪ್ರಿಯವಾದ ಮಾತು ಒಂದೇ: ಬೋಣಿ. ಬೆಳಗಿನ ಮೊದಲ ಗಿರಾಕಿಗೆ ಇಲ್ಲ ಎನ್ನಬಾರದು. ಬೋಣಿ ಆಗುವವರೆಗೆ ತಾವು ತುತ್ತು ಮುಟ್ಟಬಾರದು. ಸರಿ, ವ್ಯಾಪಾರಿಗಳಲ್ಲಿ ಇದೇನು ಹೊಸದೇ? ಆದರೆ ಎಂ.ಎಲ್.ಎ. ಆದ ಮೇಲಾದರೂ ಬಿಡಬೇಡವೇ!

ಬಿಡಲಿಲ್ಲ. ಅಹವಾಲು ಹೇಳಿಕೊಂಡು ಮೊದಲು ಬಂದವರೇ ಬೋಣಿ. ಅವರು ಕೇಳಿದ್ದು ಆಗಲೇಬೇಕು. ಗುಟ್ಟು ತಿಳಿದ ಜನ ಕೋಳಿ ಕೂಗುವ ಮುಂಚೆಯೇ ಬಂದು ಜಗಲಿ ಹಿಡಿಯತೊಡಗಿದರು. ಒಮ್ಮೆ ಮಂತ್ರಿಗಳೊಬ್ಬರು ಬೆಳಗಿನ ರೈಲಿಗೆ ಬರುವವರಿದ್ದರು. ದೊಡ್ಡಪ್ಪ ಹಾರ ಹಿಡಿದು ಹೊರಟರೆ ಬಾಗಿಲಲ್ಲಿ ಕ್ಯಾಸಂಬಳ್ಳಿಯ ಅಜ್ಜಿಯೊಬ್ಬಳು!

“ಯಪ್ಪಾ, ನನ್ನೆಮ್ಮೆ ಕಾಣ್ತಿಲ್ಲ. ಉಡುಕ್ಸಿ ಕೊಡು.”

“ಪೊಲೀಸ್ನೋರ್ಗೆ ಯೋಳ್ತೀನಿ, ಓಗಮ್ಮ.”

“ಬೋಣಿಗೆ ನೀನು ಇಲ್ಲ ಅನ್ನಲ್ವಂತೆ?”

ಮುಗಿಯಿತು! ಹಾರ ನನ್ನ ಕೈಗೆ ಬಂತು, ದೊಡ್ಡಪ್ಪ ಎಮ್ಮೆ ಹುಡುಕಿಕೊಂಡು ಹೋದರು. ಸಂಜೆ ಕಾಮಸಮುದ್ರದ ಹತ್ತಿರ ಒಂದು ಕೆರೆಯಲ್ಲಿ ಅದು ಸಿಕ್ಕಿತು. ಇತ್ತ ಸ್ಟೇಷನ್ನಿನಲ್ಲಿ, ಆಗಷ್ಟೇ ಮೇಷ್ಟ್ರಾಗಿದ್ದ ನನ್ನನ್ನೇ ಎಂ.ಎಲ್.ಎ. ಎಂದುಕೊಂಡು ಮಂತ್ರಿಗಳು ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು!

ವಿಧಾನಸಭೆಯಲ್ಲೂ ಅದೇ ಕಥೆ. ಒಂದು ದಿನ ಮೊದಲ ಪ್ರಶ್ನೆಯೇ ಇವರದು: ಗಣಿ ಕಾರ್ಮಿಕರ ಕೇರಿಗೆ ಕೊಳಾಯಿ ಯಾವಾಗ? “ಪರಿಶೀಲಿಸಲಾಗುವುದು” ಎಂದು ಉತ್ತರ ಬಂತು. ದೊಡ್ಡಪ್ಪ ಪಾತ್ರೆ ಪರೀಕ್ಷಿಸುವ ಹಾಗೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರಂತೆ. “ಸ್ವಾಮಿ, ಟೊಳ್ಳು ಸದ್ದು ಬತ್ತೈತೆ! ಬೋಣಿ ಒತ್ನಾಗೆ ಇಲ್ಲ ಅನ್ಬೇಡಿ!” ಸಭೆಯೆಲ್ಲ ನಕ್ಕಿತು. ಕೆಲವು ತಿಂಗಳಲ್ಲಿ ಕೊಳಾಯಿಯೂ ಬಂತು.

ಇಂಥವರನ್ನು ಸೋಲಿಸುವುದು ಹೇಗೆ? ಎದುರಾಳಿಗೆ ಗೊತ್ತಿತ್ತು. ಅವರು ಪಕ್ಕದ ಬೀದಿಯ ಸೋಡಾ ಫ್ಯಾಕ್ಟರಿ ಸಾಹುಕಾರರು, ದೊಡ್ಡಪ್ಪನ ಬಾಲ್ಯದ ಗೆಳೆಯರು. ಎರಡನೇ ಸಲದ ಚುನಾವಣೆಯ ದಿನ ನಸುಕಿಗೇ ನಮ್ಮ ಜಗಲಿಯ ಮೇಲೆ ಹಾಜರ್!

“ಅಣ್ಣಾ, ನಿನ್ ಓಟು ನಂಗೇ ಆಕ್ಬೇಕು. ಇವತ್ತು ನಾನೇ ಬೋಣಿ.”

ದೊಡ್ಡಪ್ಪನ ಮುಖ ನೋಡಬೇಕಿತ್ತು! ಒಳಗಿನಿಂದ ದೊಡ್ಡಮ್ಮ ಸೌಟು ಹಿಡಿದೇ ಬಂದರು. “ಆವಪ್ಪಂಗೆ ನಾಚ್ಕೆ ಇಲ್ಲ, ಸರಿ. ನಿಮ್ಗೆ ಬುದ್ಧಿ ಬ್ಯಾಡ್ವಾ?”

ದೊಡ್ಡಪ್ಪ ಹೋಗಿ ಎದುರಾಳಿಗೇ ಓಟು ಹಾಕಿದರು. ಹಾಕಿ ಸುಮ್ಮನಿದ್ದರೇ? ಸಾಲಿನಲ್ಲಿ ನಿಂತವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಯೂಬಿಟ್ಟರು. ತನಗೆ ತಾನೇ ಹಾಕಿಕೊಳ್ಳದವನಿಗೆ ನಾವ್ಯಾಕೆ ಹಾಕಬೇಕು ಎಂದು ಊರು ಸೋಡಾ ಸಾಹುಕಾರರನ್ನು ಗೆಲ್ಲಿಸಿತು.

ಫಲಿತಾಂಶ ಬಂದ ಮಾರನೆಯ ಬೆಳಗ್ಗೆ ಜಗಲಿ ಖಾಲಿ. ದೊಡ್ಡಪ್ಪ ಅಂಗಡಿ ತೆರೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ಕೂತರು. ಅಹವಾಲಿನವರೂ ಇಲ್ಲ, ಗಿರಾಕಿಗಳೂ ಇಲ್ಲ. ಮುಖ ತೋರಿಸಲು ಎಲ್ಲರಿಗೂ ಸಂಕೋಚವೋ ಏನೋ. ಮಧ್ಯಾಹ್ನದ ಗಣಿ ರೈಲೂ ಹೋಯಿತು. ಬೋಣಿಯಿಲ್ಲದೆ ತುತ್ತಿಲ್ಲವಲ್ಲ! ತಲೆ ತಗ್ಗಿಸಿ, ಹಸಿದ ಹೊಟ್ಟೆಯಲ್ಲಿ, ಒಂದೇ ತಂಬಿಗೆಯನ್ನು ಒರೆಸುತ್ತಲೇ ಇದ್ದರು. ನನಗೆ ನೋಡಲಾಗಲಿಲ್ಲ.

ಅಂಗಡಿಯನ್ನು ಹಿಂಬಾಗಿಲಿನಿಂದಷ್ಟೇ ಕಂಡಿದ್ದ ದೊಡ್ಡಮ್ಮ ಅಂದು ಸೆರಗು ಹೊದ್ದು, ಬೀದಿ ಸುತ್ತಿಕೊಂಡು ಬಂದು, ಮುಂದಿನ ಮೆಟ್ಟಿಲ ಮೇಲೆ ನಿಂತರು.

“ಏನ್ ಕೊಡ್ಲಮ್ಮ?” ದೊಡ್ಡಪ್ಪ ತಲೆ ಎತ್ತದೆ ಕೇಳಿದರು.

“ಎದ್ದು ಊಟಕ್ಕೆ ಬನ್ನಿ. ಇವತ್ತು ನಾನೇ ಬೋಣಿ.”

ದೊಡ್ಡಪ್ಪ ತಲೆ ಎತ್ತಿದರು. ಕಣ್ಣು ತುಂಬಿತ್ತು. ಬೋಣಿಗೆ ಇಲ್ಲ ಎನ್ನುವ ಹಾಗಿಲ್ಲವಲ್ಲ! ತಂಬಿಗೆ ಕೆಳಗಿಟ್ಟು ಎದ್ದರು.